ರೆಕ್ಕೆಯ ಒಳಗಿಂದ ತಟ್ಟಿದರೆ

ಜನವರಿ ೧೪

ಅಪ್ಪನಿಗೆ,

ನಾನು ಬಂದು ಸೇರಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ನೀನು ನನ್ನ ಜೊತೆ ಮಾತು ಬಿಟ್ಟಿದ್ದೀಯ, ಗೊತ್ತು. ಆದರೆ ಕಾಗದ ಓದುವುದಕ್ಕೆ ಮಾತಾಡಬೇಕಾಗಿಲ್ಲವಲ್ಲ. ಓದಿ ಸುಮ್ಮನಿರು, ಅಷ್ಟು ಸಾಕು.

ಲಾಂಡ್ರಿಯ ಮಡಿಸುವ ಮೇಜಿನಲ್ಲಿ ನನಗೊಂದು ಜಾಗ ಕೊಡಿಸಲು ನೀನು ಸೂಪರ್‌ವೈಸರ್ ಮುಂದೆ ಕೈಕಟ್ಟಿ ನಿಂತಿದ್ದನ್ನು ಅಮ್ಮ ಹೇಳಿದಳು. ನೀನು ಕೆಳಗೆ ಬಾಯ್ಲರ್‌ಗೆ ಕಲ್ಲಿದ್ದಲು ಹಾಕುವುದು, ಅಮ್ಮ ಆಸ್ಪತ್ರೆಯ ಹಾಸುಬಟ್ಟೆಗಳನ್ನು ಇಸ್ತ್ರಿ ರೋಲರಿಗೆ ಕೊಡುವುದು, ನಾನು ಮಡಿಸುವುದು. ಮೂವರೂ ಒಂದೇ ಸೂರಿನ ಕೆಳಗೆ ಇರಬಹುದಿತ್ತು. ನಾನೇ ಬೇಡ ಎಂದೆ. ಯಾಕೆ ಅಂತ ನೀನು ಕೇಳಿದಾಗ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಎದುರಿಗೆ ಮುಖ ಕಂಡರೆ ಕಟ್ಟಿಕೊಳ್ಳುವ ನನ್ನ ಬಾಯಿಯ ಕಥೆ ನಿನಗೆ ಗೊತ್ತೇ ಇದೆ.

ಇಲ್ಲಿ ಗಾಳಿಯಿಂದ ಕರೆಂಟು ಮಾಡುವ ಯಂತ್ರಗಳ ರಿಪೇರಿ ಕಲಿಸುತ್ತಾರೆ. ಕೈಯಲ್ಲಿ ಕಾಸಿಲ್ಲದ, ಶಾಲೆ ಅರ್ಧಕ್ಕೇ ಬಿಟ್ಟ ನಮ್ಮಂಥವರಿಗೆ ಅಂತ ಈ ವರ್ಷ ಮೊದಲ ಸಲ ಕೆಲವು ಸೀಟು ಇಟ್ಟಿದ್ದಾರೆ. ನನ್ನ ಜೊತೆ ಕಲಿಯುವವರಲ್ಲಿ, ಮೊದಲು ಟೈರಿಗೆ ತೇಪೆ ಹಾಕುತ್ತಿದ್ದ ಒಬ್ಬ ಅಣ್ಣ ಇದ್ದಾನೆ. ಎಲ್ಲರೂ ಅವನನ್ನು ಪಂಚರಣ್ಣ ಅನ್ನುತ್ತಾರೆ. ಮನೆಮನೆಗೆ ಹಾಲು ಹಾಕುತ್ತಿದ್ದ ಹಾಲಕ್ಕ ಇದ್ದಾಳೆ. ಕಲಿಸುವ ಮೇಡಂ ಸಣ್ಣಗಿದ್ದಾರೆ, ಗಂಟಲು ಮಾತ್ರ ದೊಡ್ಡದು.

ಅಂಗಳದಲ್ಲಿ ಒಂದು ಹಳೆಯ ರೆಕ್ಕೆಯನ್ನು ಮಲಗಿಸಿದ್ದಾರೆ. ಯಂತ್ರದಿಂದ ಬಿಚ್ಚಿ, ನಾವು ಕಲಿಯಲಿ ಅಂತ ತಂದಿದ್ದು. ಅಪ್ಪಾ, ದೂರದಿಂದ ನೋಡಿದಾಗ ಈ ಯಂತ್ರಗಳು ಆಟದ ಗಿರಗಟ್ಟಲೆ ಥರ ಕಾಣುತ್ತಿದ್ದವಲ್ಲ? ಅದರ ಒಂದೇ ಒಂದು ರೆಕ್ಕೆ ನಮ್ಮ ಬೀದಿಯ ನಲ್ಲಿಯಿಂದ ಹಿಡಿದು ಸೈಕಲ್ ಅಂಗಡಿವರೆಗೂ ಬರುತ್ತದೆ! ಬುಡದ ಕಡೆ ಗುಂಡಗೆ ಬಾವಿಯ ಬಾಯಿಯಂತೆ ತೆರೆದಿದೆ, ನಾನು ನೆಟ್ಟಗೆ ನಿಲ್ಲಬಹುದು. ತುದಿಗೆ ಹೋಗ್ತಾ ಹೋಗ್ತಾ ತೆಳ್ಳಗಾಗಿ ಅಂಗೈಯಷ್ಟಾಗುತ್ತದೆ. ನಾನು ಅದರ ಉದ್ದಕ್ಕೂ ಕೈ ಸವರುತ್ತಾ ನಡೆದೆ. ನಡೆದಷ್ಟೂ ಮುಗಿಯಲಿಲ್ಲ. ಇಷ್ಟು ದೊಡ್ಡದನ್ನು ಗಾಳಿ ಎತ್ತಿ ತಿರುಗಿಸುತ್ತದೆ ಅಂದರೆ, ಗಾಳಿಯನ್ನು ನಾನು ಇಷ್ಟು ದಿನ ಏನಂದುಕೊಂಡಿದ್ದೆ?

ನಿನ್ನ ಮಗಳು,
ಇಣುಕಿ


ಫೆಬ್ರವರಿ ೨೦

ಅಪ್ಪನಿಗೆ,

ನಿನ್ನಿಂದ ಕಾಗದ ಬರಲಿಲ್ಲ. ಇರಲಿ. ಹೇಳದೆ ಇರಲಾರದ ಸುದ್ದಿ ಒಂದಿದೆ.

ಈ ವಾರ ನಮ್ಮನ್ನು ರೆಕ್ಕೆಯ ಒಳಗೆ ಬಿಟ್ಟರು. ಅದು ಒಳಗೆ ಟೊಳ್ಳು. ಬಿರುಕು ಬಿಟ್ಟಿದೆಯಾ ಅಂತ ನೋಡಲು ಯಾರಾದರೂ ಒಳಗೆ ಹೋಗಲೇಬೇಕು. ಬುಡದಿಂದ ನುಗ್ಗಿ ಮೊದಲು ಬಗ್ಗಿ ನಡೆದು, ಆಮೇಲೆ ಮಂಡಿಯೂರಿ, ಕೊನೆಗೆ ಹೊಟ್ಟೆಯ ಮೇಲೆ ತೆವಳಬೇಕು. ಕತ್ತಲೆ ಇರುತ್ತದೆ, ನಿನ್ನ ಬಾಯ್ಲರ್‌ನ ಹಾಗೆ ಅಂದುಕೊಂಡು ಹೋದೆ. ಕತ್ತಲೆಯೇ ಇಲ್ಲ! ರೆಕ್ಕೆಯ ಗೋಡೆ ತೆಳುವಾಗಿರುವ ಕಡೆ ಹೊರಗಿನ ಬಿಸಿಲು ಅದರೊಳಗೆ ಇಳಿಯುತ್ತದೆ. ಹಳದಿಯೂ ಅಲ್ಲ ಹಸಿರೂ ಅಲ್ಲದ ಬೆಳಕು. ಎಳೆ ಎಲೆಯನ್ನು ಸೂರ್ಯನಿಗೆ ಹಿಡಿದರೆ ಅದರ ನರಗಳೆಲ್ಲ ಕಾಣುತ್ತವಲ್ಲ, ಹಾಗೆ. ನಾನು ಆ ಎಲೆಯ ಒಳಗೇ ಕೂತಿದ್ದೆ. ನನ್ನ ಕೈಗಳು ನನ್ನ ಕೈಗಳ ಹಾಗೆ ಕಾಣಲಿಲ್ಲ. ಹೊರಗೆ ಹಕ್ಕಿಯೊಂದು ಬಂದು ಕೂತು ನಡೆದಾಡಿತು. ಅದರ ಕಾಲಿನ ನೆರಳು ನನ್ನ ತಲೆಯ ಮೇಲೆ ಹೋಯಿತು.

ಆಗ ನಿನ್ನ ನೆನಪಾಯಿತು. ಬಾಯ್ಲರ್ ಆರಿಸಿ, ನೀನು ಒಳಗಿಳಿದು ಕಿಟ್ಟ ಕೆರೆಯುತ್ತಿದ್ದ ದಿನ ನಾನು ಊಟ ತಂದು ಬಾಗಿಲ ಹತ್ತಿರ ಇಣುಕುತ್ತಿದ್ದೆ. ನನ್ನ ಹೆಸರು ಬಂದಿದ್ದೇ ಅಲ್ಲಿಂದ. ನೀನು ನನ್ನ ಕೈಗೆ ಅಮ್ಮನ ಕಬ್ಬಿಣದ ಸೌಟು ಕೊಟ್ಟು ಕೂರಿಸುತ್ತಿದ್ದೆ. ಒಳಗಿಂದ ನೀನು ಸುತ್ತಿಗೆಯಲ್ಲಿ ತಟ್ಟಬೇಕು, ಹೊರಗಿಂದ ನಾನು ಸೌಟಿನಲ್ಲಿ ತಿರುಗಿ ತಟ್ಟಬೇಕು. ನಾನು ತಟ್ಟುವವರೆಗೂ ನೀನು ಕೂತಲ್ಲಿಂದ ಕದಲುತ್ತಿರಲಿಲ್ಲ. ನಿನಗೆ ಕೆಲಸ ಕಲಿಸಿದ ದೊಡ್ಡಣ್ಣ ಒಂದು ಸಲ ಕಾಯದೆ ಮುಂದಕ್ಕೆ ಸರಿದು, ಹೊರಗಿನವನು ಬಿಸಿನೀರಿನ ಕವಾಟ ತಿರುಗಿಸಿ, ಅವನ ಕೈ ಹೋಯಿತಂತೆ. "ಹೊರಗೆ ಕಿವಿ ಇದೆ ಅಂತ ಗೊತ್ತಾದ ಮೇಲೇ ಒಳಗೆ ಕಾಲು" ಅಂತ ಹೇಳಿಕೊಟ್ಟಿದ್ದೆ.

ಅಮ್ಮನಿಗೆ ಇದನ್ನು ಓದಿ ಹೇಳು. ಅವಳ ಜೊತೆ ಮಾತು ಬಿಟ್ಟಿಲ್ಲವಲ್ಲ?

ಇಣುಕಿ


ಮಾರ್ಚ್ ೯

ಇಣುಕಿಗೆ,

ಬರೆಯುವವರೆಗೂ ಊಟ ಬಡಿಸುವುದಿಲ್ಲ ಎಂದು ನಿನ್ನ ಅಮ್ಮ ತಟ್ಟೆ ಬೋರಲು ಹಾಕಿದ್ದಾಳೆ. ಆದ್ದರಿಂದ ಬರೆಯುತ್ತಿದ್ದೇನೆ.

ಕಂಡವರೆಲ್ಲ ಫ್ಯಾನಿನ ಕೆಳಗೆ ಕೂರುತ್ತಾರೆ. ನನ್ನ ಮಗಳು ಫ್ಯಾನಿನ ಒಳಗೆ ಕೂತಳು. ಬಾಯ್ಲರ್ ರೂಮಿನಲ್ಲಿ ಇದನ್ನು ಹೇಳಿ ನಗಿಸಿದೆ. ಮಡಿಸುವ ಮೇಜಿಗೆ ಬೇರೆ ಹುಡುಗಿ ಬಂದಳು. ಚುರುಕಾಗಿದ್ದಾಳೆ. ನಿನ್ನ ಹಾಗೆ ಗೋಡೆ ನೋಡುತ್ತಾ ನಿಲ್ಲುವುದಿಲ್ಲ.

ಬಿಸಿಲು ಇಳಿಯುವ ಗೋಡೆ ಎಂದು ಬರೆದಿದ್ದೀಯ. ಅಷ್ಟು ತೆಳು ಇದ್ದರೆ ಮುರಿಯುವುದಿಲ್ಲವೇ? ವಿಚಾರಿಸಿ ಬರೆ.

ಅಪ್ಪ

(ಇದು ಅಮ್ಮ, ಪಕ್ಕದ ಮನೆ ಹುಡುಗನ ಕೈಲಿ ಬರೆಸುತ್ತಿರುವುದು. ಇವರಿಗೆ ಕೆಮ್ಮು ಜಾಸ್ತಿಯಾಗಿದೆ ಕಣೇ. ಡಾಕ್ಟರು ಬಾಯ್ಲರ್ ಬಿಡಿ ಅಂದರು. ಇವರು ಡಾಕ್ಟರನ್ನೇ ಬಿಟ್ಟರು.)


ಏಪ್ರಿಲ್ ೧೧

ಅಪ್ಪಾ,

ಕೆಟ್ಟ ಸುದ್ದಿ. ಸುತ್ತಿ ಬಳಸಿ ಬರೆಯಲು ಬರುವುದಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಈ ಶಾಲೆ ನಡೆಸುವ ಸಮಿತಿಯವರು ನಮ್ಮನ್ನು ನೋಡಲು ಬಂದಿದ್ದರು. ಅವರ ಮುಂದೆ ಒಬ್ಬೊಬ್ಬರೇ ರೆಕ್ಕೆಯ ಒಳಗೆ ಹೋಗಿ, ಕೊನೆಯಲ್ಲಿ ಎಲ್ಲೋ ಇರುವ ನೂಲಿನಂಥ ಬಿರುಕನ್ನು ಹುಡುಕಿ ಗುರುತು ಹಾಕಿ ಬರಬೇಕು. ಪಂಚರಣ್ಣ ಹೋಗಿ ಬಂದ. ಹಾಲಕ್ಕ ಹೋಗಿ ಬಂದಳು. ನಾನು ಹೋದೆ. ತೆವಳುವ ಜಾಗ ಬಂದಾಗ ಏನೂ ಯೋಚಿಸದೆ ಟಾರ್ಚಿನ ಹಿಂಭಾಗದಿಂದ ಗೋಡೆ ತಟ್ಟಿದೆ. ತಟ್ಟಿ ಕಾದೆ. ಹೊರಗಿಂದ ಯಾರೂ ತಿರುಗಿ ತಟ್ಟಲಿಲ್ಲ. ಇನ್ನೊಮ್ಮೆ ತಟ್ಟಿದೆ. ಇಲ್ಲ.

ಅವರಿಗೆ ಹೇಗೆ ಗೊತ್ತಿರಬೇಕು? ಅದು ನಮ್ಮ ಬಾಯ್ಲರ್‌ನ ಪದ್ಧತಿ. ನನಗೂ ಅದು ತಲೆಗೆ ಬಂತು, ಆದರೆ ಮೈಗೆ ಬರಲಿಲ್ಲ. ಮೈ ಕಾಯುತ್ತಾ ಕೂತುಬಿಟ್ಟಿತು. ಮುಂದೆ ಹೋಗು ಅಂದರೆ ಮಂಡಿ ಕೇಳುತ್ತಿಲ್ಲ. ಸೊಂಟದ ವಾಕಿಟಾಕಿಯಲ್ಲಿ ಮೇಡಂ, "ಎಲ್ಲಿದ್ದೀಯಮ್ಮಾ? ಕೇಳಿಸ್ತಿದೆಯಾ?" ಅಂತ ಕೂಗಿದರು. ಆ ಡಬ್ಬಿಯಲ್ಲಿ ಮಾತಾಡಿದರೆ ಅಂಗಳದಲ್ಲಿರುವ ಎಲ್ಲರಿಗೂ ಕೇಳಿಸುತ್ತದೆ. ಗುಂಡಿ ಒತ್ತಿದೆ. ನಾಲಿಗೆ ಏಳಲಿಲ್ಲ. ಮತ್ತೆ ತಟ್ಟಿದೆ.

ಕೊನೆಗೆ ಪಂಚರಣ್ಣ ಬಂದು ನನ್ನ ಬೂಟು ಹಿಡಿದು, "ಹೆದರಬೇಡ ತಂಗಿ, ಹಿಂದಕ್ಕೆ ಸರಿ, ನಾನಿದೀನಿ" ಅಂದ. ಹೊರಗೆ ಬಂದಾಗ ನನಗೆ ನೀರು ಕೊಟ್ಟರು. ಬೀಸಣಿಗೆಯಿಂದ ಗಾಳಿ ಹಾಕಿದರು. ಕನ್ನಡಕದ ಯಜಮಾನರೊಬ್ಬರು ಮೇಡಂಗೆ ಹೇಳಿದರು, "ಪಾಪ, ಹುಡುಗಿ ಗಾಬರಿಯಿಂದ ಗೋಡೆ ಬಡೀತಿತ್ತು. ಓದದೇ ಇರೋರನ್ನ ತಂದು ಇಂಥದ್ರೊಳಗೆ ತುರುಕೋದು ಅವರಿಗೂ ಹಿಂಸೆ, ನಮಗೂ ಹಿಂಸೆ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನಿಜವಾಗಲೂ ಕನಿಕರಪಟ್ಟರು.

ಮುಂದಿನ ತಿಂಗಳು ಅವರು ಮತ್ತೆ ಸೇರುತ್ತಾರೆ. ಹೈಸ್ಕೂಲು ಮುಗಿಸಿದವರಿಗೆ ಮಾತ್ರ ಸೀಟು ಎಂದು ತೀರ್ಮಾನ ಮಾಡುತ್ತಾರಂತೆ. ನನ್ನನ್ನು ಕಳಿಸುತ್ತಾರೋ ಏನೋ, ಅದು ಹೋಗಲಿ. ನಮ್ಮ ಬೀದಿಯಂಥ ಬೀದಿಗಳಿಂದ ಇನ್ನು ಮುಂದೆ ಒಬ್ಬರೂ ಬರುವಂತಿಲ್ಲ. ನನ್ನೊಬ್ಬಳ ಮಂಡಿ ಅವರೆಲ್ಲರ ದಾರಿ ಮುಚ್ಚಿತು.

ನಾನು ಹೆದರಿರಲಿಲ್ಲ ಅಪ್ಪಾ. ನೀನಾದರೂ ನಂಬು.

ಇಣುಕಿ


ಏಪ್ರಿಲ್ ೧೮

ಇಣುಕಿಗೆ,

ನಂಬುವುದೇನು ಬಂತು? ಹೆದರಿದವರು ಕಿರುಚುತ್ತಾರೆ. ತಟ್ಟಿ ಕಾಯುವುದಿಲ್ಲ. ನಿನ್ನ ಕಾಗದದ ಅರ್ಧ ಓದುವಾಗಲೇ ನಿನ್ನ ಅಮ್ಮ, "ಅಯ್ಯೋ, ಹೊರಗೆ ಸೌಟು ಇರಲಿಲ್ಲವಲ್ರೀ" ಅಂದಳು.

ಇದನ್ನು ಅವರಿಗೆ ಹೇಳಿದೆಯಾ? ಹೇಳಿರುವುದಿಲ್ಲ. ನನಗೆ ಎರಡು ಹಾಳೆ ಬರೆದು ಅವರ ಮುಂದೆ ಬಾಯಿಗೆ ಬೀಗ ಹಾಕಿಕೊಂಡು ನೀರು ಕುಡಿದಿರುತ್ತೀಯ. ನನ್ನ ಕಿವಿಗೆ ಊದಿದರೆ ಅವರಿಗೆ ಕೇಳಿಸುತ್ತದಾ?

ಒಂದು ಮಾತು ತಿಳಿದುಕೋ. ಬಾಯ್ಲರ್ ಒಳಗೆ ನಾವು ತಟ್ಟುವುದು ಅದು ದೊಡ್ಡ ವಿದ್ಯೆ ಅಂತಲ್ಲ. ಒಳಗೆ ಬಾಯಿ ತೆರೆದರೆ ಮಸಿ ಹೋಗುತ್ತದೆ. ಮಾತಾಡಲು ಆಗುವುದಿಲ್ಲ, ಅದಕ್ಕೆ ತಟ್ಟುತ್ತೇವೆ. ನಿನ್ನ ರೆಕ್ಕೆಯೊಳಗೆ ಮಸಿ ಇಲ್ಲ, ಬೆಳಕಿದೆ ಎಂದು ನೀನೇ ಬರೆದಿದ್ದೀಯ. ಹಾಗಿದ್ದ ಮೇಲೆ ಮಾತಾಡಲು ಏನು ಧಾಡಿ?

ತೆಳು ಗೋಡೆ ಮುರಿಯುತ್ತದೋ ಇಲ್ಲವೋ, ಅದನ್ನು ಇನ್ನೂ ಬರೆದಿಲ್ಲ.

ಅಪ್ಪ


ಮೇ ೨೩

ಅಪ್ಪಾ, ಅಮ್ಮಾ,

ನಿಮ್ಮಿಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದು.

ನಿನ್ನ ಕಾಗದವನ್ನು ಮೇಡಂಗೆ ತೋರಿಸಿದೆ. ಅವರು ಓದಿ, ತಲೆಯ ಮೇಲೆ ಕೈ ಹೊತ್ತು, "ಇದನ್ನ ಆವತ್ತೇ ಹೇಳೋಕೇನಾಗಿತ್ತು ನಿಂಗೆ?" ಅಂತ ಅಂಗಳಕ್ಕೆಲ್ಲ ಕೇಳುವ ಹಾಗೆ ಬೈದರು. ಆಮೇಲೆ, "ನಾನು ಹೇಳಿದ್ರೆ ನನ್ನ ಮಕ್ಕಳ ಪರ ಮಾತಾಡ್ತೀನಿ ಅಂತಾರೆ. ಸಮಿತಿ ಮುಂದೆ ನೀನೇ ಹೇಳಬೇಕು" ಅಂದರು. ಮೇಜಿನ ಆಚೆ ಸಾಲಾಗಿ ಕೂತವರ ಮುಖ ನೋಡುತ್ತಾ ನಾನು? ಹಾಲಕ್ಕ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, "ನಾನೇ ಯಜಮಾನ ಅಂದ್ಕೊ, ಹೇಳು" ಅಂದಳು. ಹಾಲಕ್ಕನ ಮುಂದೆಯೂ ಬರಲಿಲ್ಲ. "ಸರಿ ಹೋಯ್ತು, ಎಮ್ಮೆ ಕೂಡ ಇವಳಿಗಿಂತ ವಾಸಿ, ಹಿಂಡುವಾಗ ಒಂದ್ಸಲ ಅಂಬಾ ಅನ್ನುತ್ತೆ" ಅಂದಳು.

ಆಗ ನನಗೆ ಒಂದು ಉಪಾಯ ಹೊಳೆಯಿತು. ಮುಖ ನೋಡಿದರೆ ತಾನೇ ಮಾತು ನಿಲ್ಲುವುದು? ರೆಕ್ಕೆಯೊಳಗೆ ಮುಖಗಳಿಲ್ಲ; ಆವತ್ತು ಅಲ್ಲಿ ನನ್ನ ಬಾಯಿ ಕಟ್ಟಿದ್ದು ನೀನು ಬರೆದ ಬಾಯ್ಲರ್‌ನ ಅಭ್ಯಾಸ.

ಅವರೆಲ್ಲ ಬಂದಾಗ ಮೇಡಂ ಅಂಗಳದಲ್ಲೇ ಕುರ್ಚಿ ಹಾಕಿಸಿದರು. ನಾನು ಸಮಿತಿಯವರಿಗೆ ನಮಸ್ಕಾರ ಮಾಡಿ, ತಲೆ ಎತ್ತದೆ, ರೆಕ್ಕೆಯ ಒಳಗೆ ಹೋದೆ. ಬಗ್ಗಿ ನಡೆದೆ, ಮಂಡಿಯೂರಿದೆ, ತೆವಳಿದೆ. ಈ ಸಲ ಎಲ್ಲೂ ನಿಲ್ಲಲಿಲ್ಲ. ಬಿರುಕಿನ ಜಾಗ ದಾಟಿ, ಇನ್ನು ಭುಜ ಹಿಡಿಸದು ಅನ್ನುವಲ್ಲಿ ಮಲಗಿ, ವಾಕಿಟಾಕಿಯ ಗುಂಡಿ ಒತ್ತಿದೆ. ಸುತ್ತ ಆ ಬೆಳಕು. ಮುಖಗಳಿಲ್ಲ. ಬಾಯಿ ತೆರೆದೆ. ಮಸಿ ಬರಲಿಲ್ಲ, ಮಾತು ಬಂತು.

ಮೊದಲು ತಟ್ಟಿದ ವಿಷಯ ಹೇಳಿದೆ. ಸೌಟಿನ ವಿಷಯ, ದೊಡ್ಡಣ್ಣನ ಕೈ ವಿಷಯ, ಹೊರಗೆ ಕಿವಿ ಇರಬೇಕು ಅನ್ನುವ ನಿನ್ನ ಮಾತು. ಆಮೇಲೆ ನಿಲ್ಲಿಸೋಣ ಅಂದುಕೊಂಡೆ, ಆದರೆ ನಿಲ್ಲಲಿಲ್ಲ. ನೆನಪಿರುವಷ್ಟು ಬರೆಯುತ್ತೇನೆ.

"ನಮ್ಮ ಬೀದಿಯಲ್ಲಿ ಕೈ ಓಡುವ ಹುಡುಗ ಹುಡುಗಿಯರು ಬೇಕಾದಷ್ಟು ಜನ ಇದ್ದಾರೆ. ನಮ್ಮನ್ನು ಹುಡುಕಿಕೊಂಡು ಕೆಲಸ ಬಂದರೆ ಅದರ ಜೊತೆ ಹೊಗೆಯೂ ಬರುತ್ತೆ. ಕಲ್ಲಿದ್ದಲಿನ ಹೊಗೆ, ಟೈರಿನ ಹೊಗೆ, ಕಸ ಸುಡೋ ಹೊಗೆ. ಹೊಗೆ ಇಲ್ಲದ ಕೆಲಸ ಓದಿದವರ ಮನೆಗೆ ಹೋಗುತ್ತೆ. ಅವರಿಗೆ ಬೇಡ ಅಂತ ನಾನು ಹೇಳಲ್ಲ. ನಮ್ಮ ಬೀದಿಗೂ ಒಂದು ಸಲ ಬರಲಿ. ನನ್ನಪ್ಪ ರಾತ್ರಿ ಕೆಮ್ಮುವಾಗ ತಲೆದಿಂಬನ್ನು ಬಾಯಿಗೆ ಒತ್ತಿಕೊಳ್ತಾನೆ, ನಮಗೆ ಕೇಳಿಸಬಾರದು ಅಂತ. ನನಗೆ ಕೇಳಿಸುತ್ತೆ. ಅದಕ್ಕೇ ನಾನಿಲ್ಲಿಗೆ ಬಂದೆ. ಇದರ ಒಳಗೆ ಬೆಳಕಿದೆ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ, ಒಬ್ಬಳೇ ನೋಡಿ ಬಾಗಿಲು ಹಾಕ್ಕೊಂಡು ಹೋಗೋಕೆ ಮನಸ್ಸು ಬರ್ತಿಲ್ಲ."

ನಿನಗೆ ಹೇಳದ ಮಾತನ್ನು ಅವರಿಗೆ ಹೇಳಿಬಿಟ್ಟೆ ಅಪ್ಪಾ. ಬೈಯಬೇಡ.

ಗುಂಡಿ ಬಿಟ್ಟೆ. ಹೊರಗೆ ಸದ್ದಿಲ್ಲ. ಎಲ್ಲ ಕೆಟ್ಟಿತು ಅಂದುಕೊಂಡೆ. ಆಗ ನನ್ನ ತಲೆಯ ಹತ್ತಿರ, ಗೋಡೆಯ ಆಚೆ, ಟಕ್ ಟಕ್ ಟಕ್ ಅಂತು. ಒಂದು ನೆರಳು ನಿಂತಿತ್ತು. ಬಗ್ಗಿದ ನೆರಳು. ಆಮೇಲೆ ನನ್ನ ಕಾಲಿನ ಹತ್ತಿರ ಯಾರೋ ತಟ್ಟಿದರು. ಅದರಾಚೆ ಇನ್ನೊಬ್ಬರು. ಬುಡದಿಂದ ತುದಿಯವರೆಗೂ, ಎಡಕ್ಕೆ, ಬಲಕ್ಕೆ, ಕೈಗಳ ನೆರಳುಗಳು ಬಂದು ಬಂದು ತಟ್ಟತೊಡಗಿದವು. ಇಡೀ ರೆಕ್ಕೆ ದೊಡ್ಡ ಹನಿಗಳ ಮಳೆ ಬಿದ್ದಂತೆ ಮೊಳಗಿತು. ನನ್ನ ಬೆನ್ನಿನ ಮೂಳೆಯಲ್ಲೆಲ್ಲ ಆ ಸದ್ದು. ಅಪ್ಪಾ, ಬಾಯ್ಲರ್ ಒಳಗೆ ನಿನಗೆ ನನ್ನ ಸೌಟಿನ ಸದ್ದು ಹೀಗೇ ಕೇಳಿಸುತ್ತಿತ್ತಾ? ಇಷ್ಟು ದೊಡ್ಡದಾಗಿ?

ಹಿಂದಕ್ಕೆ ತೆವಳಿ ಬರುವಾಗ ಬಿರುಕಿಗೆ ಗುರುತು ಹಾಕಿದೆ. ಹೊರಗೆ ಬಂದಾಗ ಕನ್ನಡಕದ ಯಜಮಾನರು ತುದಿಯ ಕಡೆಯಿಂದ ಎದ್ದು ಬರುತ್ತಿದ್ದರು. ಪ್ಯಾಂಟಿನ ಮಂಡಿಗೆಲ್ಲ ಮಣ್ಣು. ಮೊದಲು ತಟ್ಟಿದವರು ಅವರೇ ಅಂತೆ. ನನ್ನ ಹತ್ತಿರ ಬಂದು, "ಹೊರಗೆ ಕಿವಿ ಇರಲಿಲ್ಲಮ್ಮಾ, ನಿಜ" ಅಂದರು. ಅಷ್ಟೇ ಹೇಳಿ ರೆಕ್ಕೆಯ ಬಾಯಿಯ ಹತ್ತಿರ ಹೋಗಿ ಬಗ್ಗಿ ಬಹಳ ಹೊತ್ತು ಒಳಗೆ ನೋಡುತ್ತಾ ನಿಂತರು.

ಸೀಟುಗಳು ಉಳಿದವು. ಮುಂದಿನ ವರ್ಷಕ್ಕೂ ಇರುತ್ತವೆ. ಅದರ ಮುಂದಿನದು ಆಮೇಲೆ ನೋಡೋಣ ಎಂದಿದ್ದಾರೆ. ಒಳಗೆ ಹೋದವರು ತಟ್ಟಿದರೆ ಹೊರಗಿನವರು ತಿರುಗಿ ತಟ್ಟಬೇಕು ಎಂದು ಮೇಡಂ ಹೊಸ ನಿಯಮ ಮಾಡಿದ್ದಾರೆ. ಜೊತೆಗೆ, "ಒಳಗಿನವರು ಬಾಯಿಯನ್ನೂ ಬಿಡಬೇಕು" ಅಂತ ನನ್ನ ಕಡೆ ನೋಡಿ ಹೇಳಿದರು.

ತೆಳು ಗೋಡೆ ಮುರಿಯುವುದಿಲ್ಲ ಅಪ್ಪಾ. ಬಾಗುತ್ತದೆ. ಗಾಳಿ ಜೋರಾದಷ್ಟೂ ಬಾಗುತ್ತದೆ. ಅದಕ್ಕೇ ಉಳಿಯುತ್ತದೆ ಎಂದು ಮೇಡಂ ಹೇಳಿದರು.

ನಿಮ್ಮ ಇಣುಕಿ


ಜೂನ್ ೧೬

ಇಣುಕಿಗೆ,

ನಿನ್ನ ಕಾಗದ ಓದಿದೆವು. ನಿನ್ನ ಅಮ್ಮ ಎರಡು ಸಲ ಓದಿಸಿದಳು. ತಲೆದಿಂಬಿನ ವಿಷಯ ಬಂದಲ್ಲಿ ನನಗೆ ಕನ್ನಡಕದಲ್ಲಿ ಅಕ್ಷರ ಸರಿಯಾಗಿ ಕಾಣಲಿಲ್ಲ. ಆ ಸಾಲನ್ನು ಬಿಟ್ಟು ಓದಿದೆ. ಬಿಟ್ಟಿದ್ದು ಅವಳಿಗೆ ಗೊತ್ತಾಯಿತು.

ಮಡಿಸುವ ಮೇಜಿನ ಹುಡುಗಿ ಊಟದ ಹೊತ್ತಿಗೆ ಬಂದು, "ಮಾವ, ನಿಮ್ಮ ಮಗಳ ಶಾಲೆಗೆ ನಾನೂ ಹೋಗಬಹುದಾ? ನಾನೂ ಐದನೇ ಕ್ಲಾಸೇ" ಎಂದು ಕೇಳಿದಳು. ಇಂಥ ಹುಚ್ಚು ಒಂದು ಮನೆಗೆ ಸಾಕು ಎಂದೆ. ಮೂತಿ ಊದಿಸಿಕೊಂಡು ಹೋದಳು. ಸಂಜೆ ನಾನೇ ಅವಳ ಮನೆ ಹುಡುಕಿಕೊಂಡು ಹೋಗಿ ವಿಳಾಸ ಕೊಟ್ಟು ಬಂದೆ. ವರ್ಷ ತಿರುಗಿದ ಮೇಲೆ ಬರುತ್ತಾಳೆ. ಅವಳು ತಟ್ಟಿದರೆ ತಿರುಗಿ ತಟ್ಟು.

ಬಾಯ್ಲರ್ ಒಳಗೆ ಸೌಟಿನ ಸದ್ದು ಹೇಗೆ ಕೇಳಿಸುತ್ತಿತ್ತು ಎಂದು ಕೇಳಿದ್ದೀಯ. ಹೌದು. ಅಷ್ಟೇ ದೊಡ್ಡದಾಗಿ ಕೇಳಿಸುತ್ತಿತ್ತು.

ನೀನು ಮೇಲೆ ಹತ್ತುವುದು ಯಾವತ್ತು?

ಅಪ್ಪ


ಆಗಸ್ಟ್ ೩೦

ಅಪ್ಪಾ,

ಹೋದ ಕಾಗದದಲ್ಲಿ ದಿನ ಬರೆದಿದ್ದೆನಲ್ಲ, ಆ ಪ್ರಕಾರ ನಿನ್ನೆ ನಾನು ಮೇಲೆ ಹತ್ತಿದೆ.

ಹೇಗೆ ಬರೆಯಲಿ? ಕಂಬದ ಒಳಗೆ ಏಣಿ. ಹತ್ತಿದಷ್ಟೂ ಇದೆ. ನಡುನಡುವೆ ಕಾಲೂರಿ ನಿಲ್ಲಲು ಕಬ್ಬಿಣದ ಅಟ್ಟ. ಯಂತ್ರವನ್ನು ನಿಲ್ಲಿಸಿದ್ದರು. ಆದರೂ ಇಡೀ ಕಂಬ ಮೆಲ್ಲಗೆ ತೂಗುತ್ತಿತ್ತು, ನಿದ್ದೆಯಲ್ಲಿ ಉಸಿರಾಡುವವರ ಎದೆಯ ಹಾಗೆ. ಕೊನೆಯಲ್ಲಿ ಮೇಡಂ ನೆತ್ತಿಯ ಮುಚ್ಚಳ ಎತ್ತಿ, ನನ್ನ ಸೊಂಟದ ಹಗ್ಗವನ್ನು ಎರಡು ಕಡೆ ಸಿಕ್ಕಿಸಿ, "ಹೂಂ, ಇಣುಕು" ಅಂದರು.

ಇಣುಕಿದೆ. ಮೋಡದ ನೆರಳು ನೆಲದ ಮೇಲೆ ನಡೆದುಕೊಂಡು ಬರುತ್ತಿತ್ತು. ಮೊದಲು ರಸ್ತೆ ದಾಟಿತು, ಆಮೇಲೆ ಛಾವಣಿಗಳನ್ನು ಒಂದೊಂದಾಗಿ ಕಪ್ಪು ಮಾಡಿ ಬೆಳ್ಳಗೆ ಮಾಡಿ, ನಮ್ಮ ಮೇಲೆ ಹಾದು ಹೋಯಿತು. ಹಕ್ಕಿಗಳ ಬೆನ್ನು ಕಂಡೆ. ಹುಟ್ಟಿದಾಗಿಂದ ಅವುಗಳ ಹೊಟ್ಟೆಯನ್ನೇ ನೋಡಿದ್ದೆ! ದೂರದಲ್ಲಿ ಇನ್ನೂ ಹತ್ತಾರು ಕಂಬಗಳು ಸುಮ್ಮನೆ, ಸದ್ದಿಲ್ಲದೆ ತಿರುಗುತ್ತಿದ್ದವು. ಅವುಗಳ ಕೆಳಗೆಲ್ಲೂ ಬೂದಿಯ ರಾಶಿ ಇಲ್ಲ. ಅಪ್ಪಾ, ಮುಚ್ಚಳದ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತೆ, ಸುಳ್ಳು ಹೇಳಲ್ಲ. ಹೆದರಿಕೆಯಿಂದಲ್ಲ. ಇಷ್ಟೆಲ್ಲ ಇತ್ತಲ್ಲ, ನಾವು ಕೆಳಗಿದ್ದಾಗಲೂ ಇದೆಲ್ಲ ಇಲ್ಲೇ ಇತ್ತಲ್ಲ ಎಂದು.

ಈಗ ನಿನ್ನನ್ನು ಕೇಳಬೇಕಾದದ್ದು. ಇಳಿಯುವಾಗ ಕೆಳಗಿನ ಅಟ್ಟದಲ್ಲಿ ದಣಿವಾರಿಸಿಕೊಳ್ಳುತ್ತಾ ಕಂಬಕ್ಕೆ ತಲೆಯಾನಿಸಿ ಕೂತಿದ್ದೆ. ಕಬ್ಬಿಣದಲ್ಲಿ ಏನೋ ಕೇಳಿಸಿತು. ಟಕ್ ಟಕ್ ಟಕ್. ಕಿವಿ ಒತ್ತಿದೆ. ಮತ್ತೆ ಬಂತು. ನನ್ನ ಕೈ ನನ್ನನ್ನು ಕೇಳದೆಯೇ ಸ್ಪ್ಯಾನರ್ ತೆಗೆದು ತಿರುಗಿ ತಟ್ಟಿತು. ಆಮೇಲೆ ಸದ್ದಿಲ್ಲ.

ಬುಡಕ್ಕೆ ಬಂದಾಗ ಹೊಸಬರು ಯಾರೂ ಇರಲಿಲ್ಲ. ಹಾಲಕ್ಕ ನಗುತ್ತಾ ನಿಂತಿದ್ದಳು. "ಒಬ್ಬರು ಹಿರಿಯರು ಬಂದಿದ್ರು ಕಣೇ. ಹೆಲ್ಮೆಟ್ ಹಾಕಿಸಿ ಒಳಗೆ ಬಿಟ್ಟೆ. ಕಂಬಕ್ಕೆ ಕೆನ್ನೆ ಒತ್ತಿ ನಿಂತಿದ್ರು. ಚೀಲದಿಂದ ಏನು ತೆಗೆದ್ರು ಅಂತೀಯ? ಸೌಟು! ತಟ್ಟಿದ್ರು, ಕೇಳಿಸ್ಕೊಂಡ್ರು, ಬಸ್ಸಿಗೆ ಹೊತ್ತಾಯ್ತು ಅಂತ ಹೊರಟೇಬಿಟ್ರು" ಅಂದಳು.

ಸೌಟು ಹಿಡಿದುಕೊಂಡು ಬಂದು ಕಂಬ ತಟ್ಟುವವರು ಈ ಲೋಕದಲ್ಲಿ ಇನ್ನೊಬ್ಬರು ಇರಲಾರರು. ಅಷ್ಟು ದೂರ ಬಂದು ನನ್ನ ಮುಖ ನೋಡದೆ ಯಾಕೆ ಹೋದೆ?

ಇಣುಕಿ


ಸೆಪ್ಟೆಂಬರ್ ೬

ಇಣುಕಿಗೆ,

ಬಂದಿದ್ದೆ. ಹೊರಗಿನವಳು ತಿರುಗಿ ತಟ್ಟಿದ ಮೇಲೆ ಅಲ್ಲೇ ನಿಲ್ಲುವ ಪದ್ಧತಿ ಇಲ್ಲ. ಮುಖ ನೋಡಿದ್ದರೆ ನನಗೂ ನಿನ್ನ ಕಾಯಿಲೆಯೇ ಬರುತ್ತಿತ್ತು. ಈ ಬಾಯಿ ನಿನಗೆ ಎಲ್ಲಿಂದ ಬಂತು ಅಂದುಕೊಂಡಿದ್ದೀಯ?

ಕತ್ತೆತ್ತಿ ನೋಡಿದೆ. ನೆತ್ತಿಯ ಹೆಲ್ಮೆಟ್ ಬಿದ್ದುಹೋಯಿತು, ಕೊನೆ ಕಾಣಲಿಲ್ಲ. ಬಸ್ಸಿನಲ್ಲಿ ಪಕ್ಕದವನಿಗೆ ಆ ಕಂಬ ತೋರಿಸಿ, ಅದರ ತುದಿಯಲ್ಲಿ ನನ್ನ ಮಗಳಿದ್ದಾಳೆ ಎಂದೆ. ಅವನು ನಂಬಲಿಲ್ಲ. ನಾನೂ ಅವನ ಜಾಗದಲ್ಲಿದ್ದರೆ ನಂಬುತ್ತಿರಲಿಲ್ಲ.

ಸೌಟು ಕೊಂಚ ನೆಗ್ಗಿದೆ. ನಿನ್ನ ಅಮ್ಮ ಇನ್ನೂ ಬೈಯುತ್ತಿದ್ದಾಳೆ.

ಲಾಂಡ್ರಿಯ ಛಾವಣಿಯ ಮೇಲೆ ಬಿಸಿಲಿನಲ್ಲೇ ನೀರು ಕಾಯಿಸುವ ಕೊಳವೆಗಳನ್ನು ಹಾಕುತ್ತಾರಂತೆ. ನೋಡಿಕೊಳ್ಳಲು ಯಾರಾದರೂ ಕಲಿಯಬೇಕು ಎಂದು ಸೂಪರ್‌ವೈಸರ್ ಬಹಳ ದಿನದಿಂದ ಹೇಳುತ್ತಿದ್ದರು. ನಾನು ಕೇಳಿಸದವನ ಹಾಗೆ ಇದ್ದೆ. ನಿನ್ನೆ ಹೋಗಿ ನಾನು ಕಲಿಯುತ್ತೇನೆ ಎಂದೆ.

ಇಷ್ಟು ವರ್ಷ ನಾನು ಬಾಯ್ಲರ್ ಒಳಗೇ ಕೂತಿದ್ದೆ ಕಣೇ. ನೀನು ಹೊರಗಿಂದ ತಿರುಗಿ ತಟ್ಟಿದೆ. ಈಗ ಕದಲಬಹುದು.

ಅಪ್ಪ